ಕ್ರ್ಯಾಪ್ಸ್ ಕಲೀತಿದೀನಿ: ಇಲ್ಲೀತನಕ ಎಲ್ಲಿಗೆ ಬಂತು

ಕ್ರ್ಯಾಪ್ಸ್ ಅಂದ್ರೆ ಕ್ಯಾಸಿನೋದಲ್ಲಿ ಎರಡು ದಾಳ ಎಸೆದು ಬೆಟ್ ಕಟ್ಟೋ ಆಟ. ಅದರ ಟೇಬಲ್ಲಿನ ಲೇಔಟ್, ಅಂದ್ರೆ ಬೆಟ್ ಇಡೋ ಬಾಕ್ಸ್ ಬರೆದ ಬಟ್ಟೆ, ಮೊದಲ ಸಲ ನೋಡಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ, ಅಷ್ಟೊಂದು ಬಾಕ್ಸು ಅಷ್ಟೊಂದು ನಂಬರು, ಆದ್ರೆ ಕೂತು ಒಂದೊಂದಾಗಿ ಬಿಡಿಸ್ತಾ ಹೋದ್ರೆ ನಿಜವಾಗ್ಲೂ ಬೇಕಾಗಿರೋದು ಮೂರ್ನಾಲ್ಕು ಬೆಟ್ ಅಷ್ಟೇ. ಉಳಿದಿದ್ದನ್ನ ಯಾಕೆ ಮುಟ್ಟಬಾರ್ದು ಅಂತ ಲೆಕ್ಕ ಹಾಕಿ ತಿಳ್ಕೊಳ್ಳೋದೇ ನನ್ನ ಪ್ರಕಾರ ಈ ಆಟದ ಮುಕ್ಕಾಲು ಪಾಲು ಕಲಿಕೆ. ನಾನು ಸದ್ಯಕ್ಕೆ ದುಡ್ಡಿಲ್ದೆ ಪ್ರಾಕ್ಟೀಸ್ ಮಾಡ್ತಿದೀನಿ, ದೊಡ್ಡ ಪೇಪರ್ ಮೇಲೆ ಲೇಔಟ್ ಬರ್ಕೊಂಡು ಪ್ಲಾಸ್ಟಿಕ್ ಚಿಪ್ಸ್ ಇಟ್ಕೊಂಡು.

ಕಲಿಯೋರಿಗೆ ಒಂದು ಮಾತು: ಬೇರೆ ಬೇರೆ ಬಣ್ಣದ ಎರಡು ದಾಳ ತಗೊಳ್ಳಿ. ನನ್ನತ್ರ ಒಂದು ಕೆಂಪು ಒಂದು ಬಿಳಿ ಇದೆ. ಕೆಂಪಲ್ಲಿ 3 ಬಿಳೀಲಿ 4 ಬಿದ್ರೂ 7, ಕೆಂಪಲ್ಲಿ 4 ಬಿಳೀಲಿ 3 ಬಿದ್ರೂ 7, ಆದ್ರೆ ಎರಡೂ ಬೇರೆ ಬೇರೆ ಅನ್ನೋದು ಆಗ ಕಣ್ಣಿಗೇ ಕಾಣತ್ತೆ. ಆರು ಸಾಲು ಆರು ಕಾಲಂ ಗೆರೆ ಹಾಕಿ ಒಟ್ಟು 36 ಮನೇಲಿ ಮೊತ್ತ ಬರೀತಾ ಹೋದ್ರೆ 7 ಮಾತ್ರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ನಿಂತ್ಕೊಳ್ಳತ್ತೆ, ಆರು ಮನೆ. ಅದರ ಅಕ್ಕಪಕ್ಕ 6 ಮತ್ತು 8ಕ್ಕೆ ಐದೈದು, 5 ಮತ್ತು 9ಕ್ಕೆ ನಾಲ್ಕ್ನಾಲ್ಕು, 4 ಮತ್ತು 10ಕ್ಕೆ ಮೂರ್ಮೂರು, 3 ಮತ್ತು 11ಕ್ಕೆ ಎರಡೆರಡು, 2 ಮತ್ತು 12ಕ್ಕೆ ಒಂದೊಂದೇ. ಈ ಚಿತ್ರ ಮನಸ್ಸಲ್ಲಿ ಕೂತ್ರೆ ಮುಂದಿನದೆಲ್ಲ ಅದರಿಂದಾನೇ ಹುಟ್ಟತ್ತೆ, ಬಾಯಿಪಾಠ ಬೇಕಾಗಲ್ಲ.

ಆಮೇಲೆ ಪಾಸ್ ಲೈನ್, ಶೂಟರ್ (ದಾಳ ಎಸೆಯೋ ಆಟಗಾರ) ಗೆಲ್ತಾರೆ ಅಂತ ಇಡೋ ಮೂಲ ಬೆಟ್. ಶೂಟರ್ ಹಾಕೋ ಮೊದಲ ರೋಲ್‌ಗೆ ಕಮ್ ಔಟ್ ಅಂತಾರೆ, ಅದರಲ್ಲಿ 7 ಅಥವಾ 11 ಬಿದ್ರೆ ಪಾಸ್ ಲೈನ್ ಗೆಲ್ತು, 2, 3, 12 ಬಿದ್ರೆ ಸೋಲ್ತು, ಬೇರೆ ಏನೇ ಬಿದ್ರೂ ಅದು ಪಾಯಿಂಟ್ ಆಗತ್ತೆ, ಡೀಲರ್ ಪಕ್ ಅನ್ನೋ ಬಿಲ್ಲೆ ತಿರುಗಿಸಿ ಆ ನಂಬರ್ ಮೇಲೆ ಆನ್ ಅಂತ ಇಡ್ತಾರೆ, ಅಲ್ಲಿಂದ ಮುಂದೆ ಪಾಯಿಂಟ್ ಮತ್ತೆ ಬಂದ್ರೆ ಗೆಲುವು, ಅದು ಬರೋಕ್ ಮುಂಚೆ 7 ಬಂದ್ರೆ ಸೆವೆನ್ ಔಟ್, ಬೆಟ್ ಹೋಯ್ತು, ದಾಳ ಮುಂದಿನ ಶೂಟರ್‌ಗೆ. ಅಂದ್ರೆ ಮೊದಲ ರೋಲ್‌ನಲ್ಲಿ ಒಳ್ಳೇದಾಗಿದ್ದ 7 ಪಾಯಿಂಟ್ ಬಿದ್ಮೇಲೆ ಶತ್ರು. ಕಮ್ ಔಟ್‌ನಲ್ಲಿ ಗೆಲ್ಲೋಕೆ 8 ದಾರಿ, ಸೋಲೋಕೆ 4 ದಾರಿ, ಹಾಗಾಗಿ ಶುರುವಲ್ಲಿ ಆಟ ನಮ್ಮ ಕಡೇನೇ ಇರತ್ತೆ, ಪಾಯಿಂಟ್ ಬಿದ್ಮೇಲೆ ಕ್ಯಾಸಿನೋ ಕಡೆ ವಾಲತ್ತೆ. ಎಲ್ಲಾ ಕೂಡಿಸಿದ್ರೆ 495 ಬೆಟ್‌ಗೆ ಸರಾಸರಿ 244 ಗೆಲುವು, 251 ಸೋಲು. ಹೌಸ್ ಎಡ್ಜ್, ಅಂದ್ರೆ ಇಟ್ಟ ಬೆಟ್‌ನಲ್ಲಿ ಸರಾಸರಿ ಕ್ಯಾಸಿನೋಗೆ ಉಳಿಯೋ ಪಾಲು, 1.41%. ಭಿನ್ನರಾಶಿ ಇಟ್ಕೊಂಡು ಇದನ್ನ ನಾನೇ ಪೇಪರ್ ಮೇಲೆ ತೆಗ್ದೆ, ಕೊನೇಲಿ 244 ಬಂದಾಗ ಆದ ಖುಷಿ ಯಾವ ಗೆಲುವಿಗೂ ಕಮ್ಮಿ ಇರ್ಲಿಲ್ಲ.

ಡೋಂಟ್ ಪಾಸ್ ಇದರ ಉಲ್ಟಾ, ಆದ್ರೆ ಕಮ್ ಔಟ್‌ನಲ್ಲಿ 12 ಬಿದ್ರೆ ಅದು ಗೆಲ್ಲಲ್ಲ, ಟೈ ಆಗತ್ತೆ, ಆ ಒಂದೇ ಮನೆಯಿಂದ ಕ್ಯಾಸಿನೋ ತನ್ನ ಪಾಲು ಉಳಿಸ್ಕೊಳ್ಳತ್ತೆ. ಎಡ್ಜ್ 1.36%, ಸ್ವಲ್ಪ ಕಮ್ಮಿನೇ. ಟೇಬಲ್ ಸುತ್ತ ಇರೋರು ಸಾಮಾನ್ಯವಾಗಿ ಪಾಸ್ ಕಡೆ ಇರ್ತಾರೆ, ಎಲ್ಲರೂ ಒಟ್ಟಿಗೆ ಕೂಗಾಡೋ ಆಟ ಇದು, ನನಗೂ ಅದೇ ಇಷ್ಟ.

ಈಗ ನನಗೆ ತುಂಬಾ ಹಿಡಿಸಿದ ಭಾಗ, ಆಡ್ಸ್ ಬೆಟ್. ಪಾಯಿಂಟ್ ಬಿದ್ಮೇಲೆ ಪಾಸ್ ಲೈನ್ ಹಿಂದೆ ಇಡೋ ಎಕ್ಸ್‌ಟ್ರಾ ಚಿಪ್ಸ್. ಸಾಮಾನ್ಯವಾಗಿ ಲೇಔಟ್‌ನಲ್ಲಿ ಇದಕ್ಕೆ ಅಂತ ಬಾಕ್ಸೇ ಬರೆದಿರಲ್ಲ, ಗೊತ್ತಿದ್ದೋರು ಇಡ್ತಾರೆ ಅಷ್ಟೇ. ಪಾಯಿಂಟ್ 4 ಅಥವಾ 10 ಆದ್ರೆ 1 ಇಟ್ಟಿದ್ದಕ್ಕೆ 2, 5 ಅಥವಾ 9 ಆದ್ರೆ 2 ಇಟ್ಟಿದ್ದಕ್ಕೆ 3, 6 ಅಥವಾ 8 ಆದ್ರೆ 5 ಇಟ್ಟಿದ್ದಕ್ಕೆ 6 ಕೊಡ್ತಾರೆ, ಮೇಲಿನ ಮನೆಗಳ ಲೆಕ್ಕಕ್ಕೆ ಅದು ಸರಿಯಾಗಿ ಹೊಂದತ್ತೆ, ಹಾಗಾಗಿ ಹೌಸ್ ಎಡ್ಜ್ ಸೊನ್ನೆ. ಅದಕ್ಕಿಂತ ಚಂದ 3-4-5 ಟೇಬಲ್ ನಿಯಮ: 4 ಮತ್ತು 10ಕ್ಕೆ ಲೈನ್ ಬೆಟ್‌ನ ಮೂರು ಪಟ್ಟು, 5 ಮತ್ತು 9ಕ್ಕೆ ನಾಲ್ಕು ಪಟ್ಟು, 6 ಮತ್ತು 8ಕ್ಕೆ ಐದು ಪಟ್ಟು ಆಡ್ಸ್ ಇಡಬಹುದು. ಮೂರು ಪಟ್ಟು ಇಟ್ರೆ 1ಕ್ಕೆ 2ರ ಲೆಕ್ಕದಲ್ಲಿ ಆರು, ನಾಲ್ಕು ಪಟ್ಟು ಇಟ್ರೆ 2ಕ್ಕೆ 3ರ ಲೆಕ್ಕದಲ್ಲಿ ಆರು, ಐದು ಪಟ್ಟು ಇಟ್ರೆ 5ಕ್ಕೆ 6ರ ಲೆಕ್ಕದಲ್ಲೂ ಆರು! ಪೂರ್ತಿ ಆಡ್ಸ್ ಇಟ್ಟು ಗೆದ್ರೆ ಯಾವ ಪಾಯಿಂಟ್ ಆದ್ರೂ ಆಡ್ಸ್‌ನಿಂದ ಲೈನ್ ಬೆಟ್‌ನ ಆರು ಪಟ್ಟು, ಲೈನ್ ಸೇರಿಸಿದ್ರೆ ಏಳು ಪಟ್ಟು. ಒಂದು ವಿಷ್ಯ ಮಾತ್ರ ಗಮನದಲ್ಲಿಡಿ, ಆಡ್ಸ್ ಇಟ್ಟ ಮಾತ್ರಕ್ಕೆ ಲೈನ್ ಬೆಟ್ ಮೇಲಿನ ನಷ್ಟ ಒಂದು ಕಾಸೂ ಕಮ್ಮಿ ಆಗಲ್ಲ, ಏರಿಳಿತ ಮಾತ್ರ ದೊಡ್ಡದಾಗತ್ತೆ. "ಆಡ್ಸ್ ಇಟ್ರೆ ಕ್ಯಾಸಿನೋನ ಸೋಲಿಸ್ಬಹುದು" ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

6 ಮತ್ತು 8ರ ಮೇಲೆ ಪ್ಲೇಸ್ ಬೆಟ್ (7 ಬೀಳೋಕ್ ಮುಂಚೆ ಆ ನಂಬರ್ ಬೀಳತ್ತೆ ಅಂತ ಇಡೋದು) ಕೂಡ ಕಲಿಯೋಕೆ ಲಾಯಕ್ಕು, 6 ಇಟ್ಟಿದ್ದಕ್ಕೆ 7 ಕೊಡ್ತಾರೆ, ಎಡ್ಜ್ 1.52%. ಆರರ ಗುಣಕದಲ್ಲೇ ಇಡ್ಬೇಕು, ಇಲ್ಲಾಂದ್ರೆ ಪೂರ್ತಿ ಪೇ ಸಿಗಲ್ಲ. ಅದೇ ಪ್ಲೇಸ್ 5, 9ಕ್ಕೆ 4%, 4, 10ಕ್ಕೆ 6.67%, ಅಲ್ಲಿಗೆ ನಿಲ್ಸಿದೆ.

ಟೇಬಲ್ ಮಧ್ಯೆ ಸ್ಟಿಕ್‌ಮ್ಯಾನ್ (ಕೋಲಿಂದ ದಾಳ ಸರಿಸೋ ಡೀಲರ್) ಮುಂದಿರೋ ಬೆಟ್‌ಗಳು ಬೇಡ್ವೇ ಬೇಡ. ಎನಿ ಸೆವೆನ್ ನೋಡಿ, ಮುಂದಿನ ರೋಲಲ್ಲೇ 7 ಬೀಳತ್ತೆ ಅನ್ನೋ ಬೆಟ್, 1 ಇಟ್ಟಿದ್ದಕ್ಕೆ 4 ಕೊಡ್ತಾರೆ, ನ್ಯಾಯವಾಗಿ 5 ಕೊಡ್ಬೇಕು, ಎಡ್ಜ್ 16.67%. ಹಾರ್ಡ್ 8 ಅಂದ್ರೆ 4-4 ಜೋಡಿಯಾಗೇ ಬೀಳ್ಬೇಕು, 2-6 ಅಥವಾ 3-5 ಬಿದ್ರೂ ಸೋಲು, 7 ಬಿದ್ರೂ ಸೋಲು, ಸೋಲೋಕೆ 10 ದಾರಿ, ಗೆಲ್ಲೋಕೆ ಒಂದು, ಕೊಡೋದು 1 ಇಟ್ಟಿದ್ದಕ್ಕೆ 9. ಇದೆಲ್ಲ ಸೇಲ್ ಬೋರ್ಡ್ ಹಾಕಿ ಅಂಗಡಿ ಮುಂದೆ ಜೋಡಿಸಿಟ್ಟ ಮಾಲಿನ ಹಾಗೆ, ಜೋರಾಗಿ ಕೂಗಿ ಮಾರ್ತಾರೆ.

ಟೇಬಲ್ ಮರ್ಯಾದೆ ಕೂಡ ಈಗ್ಲೇ ಅಭ್ಯಾಸ ಮಾಡ್ತಿದೀನಿ. ದಾಳ ಒಂದೇ ಕೈಯಲ್ಲಿ ಹಿಡೀಬೇಕು, ಎದುರು ಗೋಡೆಗೆ ತಾಗೋ ಹಾಗೆ ಎಸೀಬೇಕು, ಆ ಗೋಡೆ ಮೇಲೆ ಪಿರಮಿಡ್ ಆಕಾರದ ರಬ್ಬರ್ ಉಬ್ಬುಗಳಿರ್ತವೆ, ದಾಳ ಯಾವ ಕಡೆ ಪುಟಿಯತ್ತೆ ಅಂತ ಹೇಳೋಕಾಗ್ದಿರ್ಲಿ ಅಂತಾನೇ. ಚಿಪ್ಸ್ ಕೊಳ್ಳೋ ದುಡ್ಡನ್ನ ಡೀಲರ್ ಕೈಗೆ ಕೊಡಬಾರ್ದು, ಬಟ್ಟೆ ಮೇಲೆ ಇಡ್ಬೇಕು. ಆಟ ನಡೀತಿರೋವಾಗ ಬಾಯ್ಬಿಟ್ಟು "ಸೆವೆನ್" ಅನ್ನಬಾರ್ದು ಅನ್ನೋ ನಂಬಿಕೇನೂ ಇದೆ, ಪಕ್ಕದಲ್ಲಿ ನಿಂತವರ ಮನಸ್ಸಿಗೋಸ್ಕರ ಅದನ್ನೂ ಪಾಲಿಸ್ಬೇಕು ಅಂತ ನನ್ನ ಅಭಿಪ್ರಾಯ.

ಒಬ್ಬ ಶೂಟರ್ ಸೆವೆನ್ ಔಟ್ ಆಗೋಕೆ ಮುಂಚೆ ಸರಾಸರಿ ಎಂಟೂವರೆ ರೋಲ್ ಅಂತ ಲೆಕ್ಕ. 2009ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಒಬ್ಬ ಮಹಿಳೆ ನಾಲ್ಕು ಗಂಟೆಗೂ ಮೇಲೆ ದಾಳ ಬಿಡ್ಲೇ ಇಲ್ಲ, 154 ರೋಲ್! ಅದನ್ನ ಓದಿದಾಗೆಲ್ಲ ಮೈ ಜುಮ್ ಅನ್ನತ್ತೆ, ಆದ್ರೆ ಅದು ಕೈಚಳಕ ಅಂತ ನಾನು ಒಪ್ಪಲ್ಲ, ಪ್ರತಿ ರೋಲೂ ಹಿಂದಿನದನ್ನ ನೆನಪಿಟ್ಕೊಳ್ಳಲ್ಲ.

ಈ ವಾರ ಕಮ್ ಬೆಟ್ ಹಿಡ್ಕೊಂಡಿದೀನಿ. ಪಾಯಿಂಟ್ ಆನ್ ಇರೋವಾಗ ಇಡೋ ಪಾಸ್ ಲೈನ್ ಅಂದ್ಕೊಳ್ಳಿ, ತನ್ನದೇ ನಂಬರ್‌ಗೆ ಹೋಗಿ ಕೂರತ್ತೆ. ತೊಡಕು ಎಲ್ಲಿ ಅಂದ್ರೆ, ಪಾಯಿಂಟ್ 6 ಇತ್ತು, ಕಮ್ ಬೆಟ್ 9ರ ಮೇಲೆ ಆಡ್ಸ್ ಸಮೇತ ಕೂತಿದೆ, 6 ಬಿದ್ದು ಲೈನ್ ಗೆದ್ದಾಯ್ತು, ಹೊಸ ಕಮ್ ಔಟ್‌ನಲ್ಲಿ 7 ಬಿತ್ತು. ಹೊಸ ಲೈನ್ ಬೆಟ್ ಗೆಲ್ಲತ್ತೆ, 9ರ ಮೇಲಿನ ಕಮ್ ಬೆಟ್ ಹೋಗತ್ತೆ, ಅದರ ಆಡ್ಸ್ ಮಾತ್ರ ವಾಪಸ್ ಬರತ್ತೆ, ಯಾಕಂದ್ರೆ ಕಮ್ ಔಟ್ ಟೈಮಲ್ಲಿ ಕಮ್ ಆಡ್ಸ್ ನಾವು ಆನ್ ಅಂತ ಹೇಳದ ಹೊರತು ಆಫ್ ಇರತ್ತೆ. ಈ ಮೂರನ್ನೂ ನಿಂತು ಯೋಚ್ನೆ ಮಾಡ್ದೇ ಕೈ ತಾನಾಗೇ ಸರಿಸೋ ತನಕ ಇದನ್ನೇ ತಿರುಗಿ ತಿರುಗಿ ಹಾಕ್ತೀನಿ, ಆಮೇಲೆ ಡೋಂಟ್ ಕಮ್.