ಗೋಲ್ಡ್‌ಫಿಶ್ ಟ್ಯಾಂಕೂ ಅಮ್ಮನ ಕರಿಬೇವೂ

ದಾವಣಗೆರೆಯಲ್ಲಿ ನಲ್ಲಿ ನೀರು ಬಂದ ದಿನ ಅಮ್ಮ ಕೊಡ ತುಂಬಿಸಿದರೆ, ನಾನು ಮೀನಿಗೆಂದು ಎರಡು ಬಕೆಟ್ ಎತ್ತಿಡುತ್ತೇನೆ. ಕ್ಲೋರಿನ್ ಹೋಗಲಿ ಅಂತ ಒಂದು ದಿನ ತೆರೆದಿಡೋದು; ಅವಸರವಿದ್ದರೆ ಆಂಟಿ-ಕ್ಲೋರಿನ್ ಹನಿ.

ಗೋಲ್ಡ್‌ಫಿಶ್ ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ. ಅದರಿಂದ ಹುಟ್ಟುವ ಅಮೋನಿಯಾ ಮೀನಿಗೆ ವಿಷ; ಅದನ್ನು ಫಿಲ್ಟರ್ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ನಲ್ಲಿ ನೀರಿನ ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಅದಕ್ಕೇ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಲ್ಲ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡುತ್ತೇನೆ. ಕಂದು ರಾಡಿ ಬಳಬಳ ಇಳಿಯುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಹಳೇ ನೀರು ಕರಿಬೇವಿನ ಗಿಡಕ್ಕೆ.

ಏಪ್ರಿಲ್ ಬಿಸಿಲಿಗೆ ನೀರು ಕಾದರೆ ಆಮ್ಲಜನಕ ಕಮ್ಮಿಯಾಗಿ ಮೀನುಗಳು ಮೇಲೆ ಬಂದು ಬಾಯಿ ಆಡಿಸುತ್ತವೆ. ಆಗ ಏರ್ ಪಂಪ್ ನಿಲ್ಲಿಸೋ ಹಾಗಿಲ್ಲ. ಬಂದ ನೆಂಟರೆಲ್ಲ ಹಸಿದಿವೆ ಅಂದ್ಕೊಂಡು ಮಂಡಕ್ಕಿ ಹಾಕೋಕೆ ಹೋಗ್ತಾರೆ, ಅದೇ ದೊಡ್ಡ ಕಾಟ.