ಸೋಮವಾರದ ಗುಜ್ಜೆ

ನಮ್ಮ ಮನೆಯಲ್ಲಿ ಸೋಮವಾರ ಬಾಡು ಬೇಯುವುದಿಲ್ಲ. ಅಜ್ಜಿಯ ಕಾಲದಿಂದ ನಡೆದು ಬಂದಿರುವ ಈ ಕಟ್ಟಳೆಯನ್ನು ನಾನು ಹೊಸ್ತಿಲಿನ ಒಳಗೆ ಎಂದೂ ಮೀರಿದವನಲ್ಲ. ಮೀರುವುದೇನಿದ್ದರೂ ಹೊಸ್ತಿಲಿನ ಆಚೆ, ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ. ಭಾನುವಾರ ಮಧ್ಯಾಹ್ನ ಮುದ್ದೆ ಮತ್ತು ಮಟನ್ ಸಾರನ್ನು ಹೊಟ್ಟೆ ಬಿರಿಯುವಂತೆ ಉಂಡಿರುತ್ತೇನಾದರೂ, ಸೋಮವಾರ ಹೊತ್ತು ಮುಳುಗುತ್ತಿದ್ದಂತೆ, ಮನೆಯಲ್ಲಿ ಇಲ್ಲ ಎನ್ನುವ ಒಂದೇ ಕಾರಣಕ್ಕೆ ನಾಲಿಗೆ ಮತ್ತೆ ಅದನ್ನೇ ಬೇಡತೊಡಗುತ್ತದೆ. ಎರಡು ಪೆಗ್ಗು, ಒಂದು ಪ್ಲೇಟು ಬೋಟಿ ಫ್ರೈ, ಒಂದು ಪ್ಲೇಟು ಚಿಕನ್ ಕಬಾಬ್ ಎಂಬ ಲೆಕ್ಕ ಸುಮಾರು ಇಪ್ಪತ್ತು ವರ್ಷಗಳಿಂದ ಬದಲಾಗಿಲ್ಲ. ನಾನು ಕುಳಿತ ಕೂಡಲೇ, ಕೇಳದೆಯೇ ಅದನ್ನು ತಂದಿಡುವಷ್ಟು ಅಲ್ಲಿನ ಸಪ್ಲೈಯರಿಗೂ ಅದು ರೂಢಿಯಾಗಿದೆ.

ಎದುರಿನ ಕುರ್ಚಿಯಲ್ಲಿ ಕೂರುವವನು ನನ್ನ ಕಾಲೇಜಿನ ಸಹಪಾಠಿ. ತಿಪಟೂರಿನ ಕಡೆಯವನು, ಕೊಬ್ಬರಿ ವ್ಯಾಪಾರದವನು, ಹುಟ್ಟು ಸಸ್ಯಾಹಾರಿ. ಅವನು ಒಂದು ಬಿಯರನ್ನು ಎರಡು ಗಂಟೆ ಕುಡಿಯುತ್ತಾನೆ. ಅದರ ಜೊತೆಗೆ ಬೇಯಿಸಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಾನೆ, ಉಪ್ಪು ಖಾರ ಸವರಿದ ಸೌತೆಕಾಯಿ ಹೋಳು ಕಡಿಯುತ್ತಾನೆ. ಅವನದು ಹಿಡಿ ಹೊಟ್ಟೆ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಈ ಫೆಬ್ರುವರಿಯ ಕೊನೆಯ ಸೋಮವಾರ ಆ ನಂಬಿಕೆ ಕೆಟ್ಟಿತು. ನಾನು ಇನ್ನೂ ಚಪ್ಪಲಿಯನ್ನು ಮೇಜಿನ ಕೆಳಗೆ ಸರಿಸುತ್ತಿದ್ದೆ, ಅವನು ಸಪ್ಲೈಯರಿಗೆ ಕೈ ಅಡ್ಡ ಹಿಡಿದು, "ಇಪ್ಪತ್ತು ವರ್ಷದಿಂದ ನೀನು ಮೂಳೆ ಚೀಪೋದನ್ನ ನೋಡ್ಕೊಂಡು ಕಡಲೆಕಾಯಿ ಸುಲೀತಾ ಕೂತಿದ್ದೀನಿ ಕಣಯ್ಯ. ಇವತ್ತೊಂದಿನ ನನ್ನ ಕುರ್ಚೀಲಿ ಕೂತು, ನಾನು ತಿನ್ನಬಹುದಾದ್ದನ್ನ ಮಾತ್ರ ತಿಂದು ಹೊಟ್ಟೆ ತುಂಬಿಸ್ಕೋ ನೋಡೋಣ" ಎಂದ. ನಗುತ್ತಲೇ ಹೇಳಿದನಾದರೂ ಎದ್ದು ನಿಂತು ನಿಜಕ್ಕೂ ಕುರ್ಚಿ ಬಿಟ್ಟುಕೊಟ್ಟ.

ಕುರ್ಚಿ ಬದಲಾದ ಮೇಲೆ ಮೆನು ಕಾರ್ಡನ್ನು ನಾನು ಮೊದಲ ಸಲ ಕೊನೆಯಿಂದ ಓದಿದೆ. ಕೋಳಿ, ಕುರಿ, ಮೀನು, ಮೊಟ್ಟೆಗೆ ನಾಲ್ಕು ಪುಟ. ಸಸ್ಯಾಹಾರಕ್ಕೆ ಅರ್ಧ ಪುಟ, ಅದರಲ್ಲೂ ಕೆಳಗಿನ ಮೂರು ಸಾಲು ಮೊಸರು, ಹಪ್ಪಳ, ಅನ್ನ. ಉಳಿದದ್ದು ಗೋಬಿ ಮಂಚೂರಿ, ಬೇಬಿ ಕಾರ್ನ್, ಮಶ್ರೂಮ್ ಪೆಪ್ಪರ್ ಡ್ರೈ, ಪನೀರ್ ಚಿಲ್ಲಿ. ಗಮನಿಸಿ ನೋಡಿದರೆ ಇವೆಲ್ಲವೂ ಮೊದಲಿನ ನಾಲ್ಕು ಪುಟಗಳ ಹೆಸರುಗಳೇ. ಕೋಳಿಯನ್ನು ಅಳಿಸಿ ಆ ಜಾಗದಲ್ಲಿ ಕೋಸನ್ನೋ ಅಣಬೆಯನ್ನೋ ಬರೆದಿದ್ದಾರೆ. ಸುತ್ತಲಿನ ಹಳ್ಳಿಗಳಲ್ಲಿ ಹುರುಳಿಕಾಳಿನ ಬಸ್ಸಾರು, ಮಸ್ಸೊಪ್ಪು, ಅವರೆಕಾಳಿನ ಹುಳಿ ಎಂದು ದಿನಕ್ಕೊಂದು ಬಗೆ ಬೇಯುವ ಸೀಮೆಯಲ್ಲಿ, ಕುಡಿಯಲು ಬಂದ ಸಸ್ಯಾಹಾರಿಗೆ ಕೋಳಿಯ ಬದಲಿ ಆಳುಗಳನ್ನು ಬಿಟ್ಟು ಬೇರೇನೂ ಇರಲಿಲ್ಲ.

ಮೊದಲು ಗೋಬಿ ಬಂತು. ಹಿಂದಿನಂತೆ ಕೆಂಪಗಿರಲಿಲ್ಲ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿ, ಅದೇ ಜೂನ್‌ನಲ್ಲಿ ಕಬಾಬಿಗೂ ಅದೇ ನಿಷೇಧವನ್ನು ಹೇರಿದ ಮೇಲೆ ಇಬ್ಬರ ತಟ್ಟೆಗಳೂ ಒಟ್ಟಿಗೆ ಬಣ್ಣಗೆಟ್ಟಿದ್ದವು. ಒಂದು ತುಂಡು ಬಾಯಿಗಿಟ್ಟ ಕೂಡಲೇ ನಾನು ಸೋಲೊಪ್ಪಿಕೊಳ್ಳಲು ಸಿದ್ಧನಾದೆ. ಹೂಕೋಸು ಇಷ್ಟು ರುಚಿಯಾಗಿರಬಹುದೆಂದು ನನಗೆ ತಿಳಿದೇ ಇರಲಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಅದರ ಹಿಂದೆಯೇ ನನಗೆ ಬಹಳ ಬೇಕಾದ, ಆದರೆ ಹೆಸರಿಡಲಾಗದ ಒಂದು ಘಮ. ನಾಲ್ಕನೆಯ ತುಂಡಿಗೆ ಕೈ ಹಾಕುತ್ತಾ ಅವನನ್ನೂ ತಿನ್ನುವಂತೆ ಹೇಳಿದೆ. ಅವನು ಒಂದನ್ನು ಎತ್ತಿ ಮೂಗಿನ ಬಳಿ ಹಿಡಿದು, ಮತ್ತೆ ಅಲ್ಲೇ ಇಟ್ಟ.

"ನಿನಗೆ ರುಚಿ ಸಿಕ್ತಿರೋದು ಕೋಸಿಂದಲ್ಲ, ಎಣ್ಣೆಯಿಂದ."

ಸಪ್ಲೈಯರನ್ನು ಕರೆದು ಕೇಳಿದೆ. ಅವನು ಸುಳ್ಳು ಹೇಳುವ ಹುಡುಗನಲ್ಲ. ತಲೆ ಕೆರೆದುಕೊಂಡು, "ಕರಿಯೋ ಬಾಣಲೆ ಒಂದೇ ಸಾರ್, ಕಬಾಬೂ ಅದ್ರಲ್ಲೇ, ಗೋಬೀನೂ ಅದ್ರಲ್ಲೇ" ಎಂದ. ಹೆಸರಿಡಲಾಗದ ಆ ಘಮಕ್ಕೆ ಹೆಸರು ಸಿಕ್ಕಿತು. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ನಾನು ಇದೇ ಗೋಬಿಯನ್ನು ಅವನ ಕಡೆಗೆ ತಳ್ಳಿ, "ತಿನ್ನಯ್ಯ, ವೆಜ್ಜೇ ಅಲ್ವಾ" ಎಂದಿಲ್ಲ; ಎಷ್ಟು ಸಲ ಅವನು ಹೊಟ್ಟೆ ತುಂಬಿದೆ ಎಂದು ಹೇಳಿ ಕಡಲೆಕಾಯಿಗೆ ಕೈ ಹಾಕಿಲ್ಲ. ಕಡಲೆಕಾಯಿಗೆ ಸಿಪ್ಪೆಯಿದೆ, ಸೌತೆಕಾಯಿಯನ್ನು ಯಾರೂ ಕರಿಯುವುದಿಲ್ಲ. ಅವನ ಹಿಡಿ ಹೊಟ್ಟೆಯ ಗುಟ್ಟು ಅಷ್ಟೇ ಆಗಿತ್ತು. ಸಪ್ಲೈಯರಿಗೂ ಅಡುಗೆಮನೆಗೂ ಮುಜುಗರವಾದೀತೆಂದು ಅದನ್ನು ಇಪ್ಪತ್ತು ವರ್ಷ ಬಾಯಿಬಿಟ್ಟು ಹೇಳದೆ ಇದ್ದವನ ಎದುರು, ಆ ನಾಲ್ಕನೆಯ ತುಂಡನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ಅಣಬೆಯ ಮೇಲೆ ನನಗೆ ಹೆಚ್ಚು ಭರವಸೆಯಿತ್ತು, ಏಕೆಂದರೆ ಮಾಂಸದ ರಸದಲ್ಲಿರುವಂಥದ್ದೇ ಒಂದು ಆಳದ ರುಚಿ ಅಣಬೆಯಲ್ಲೂ ಇದೆ. ಆದರೆ ಅದರ ತೂಕದಲ್ಲಿ ಸುಮಾರು ಶೇಕಡ 90ರಷ್ಟು ನೀರೇ. ಉರಿ ಜೋರಾಗಿದ್ದು, ಒಂದು ಸಲಕ್ಕೆ ಒಂದು ಹಿಡಿಯಷ್ಟನ್ನೇ ಹಾಕಿದರೆ ಆ ನೀರು ಹಾರಿ ಹೋಗಿ ಅಣಬೆ ಕಂದಾಗುತ್ತದೆ. ರಾತ್ರಿ ಎಂಟರ ಗಿರಾಕಿಗಳ ನಡುವೆ ಇಡೀ ಪೊಟ್ಟಣವನ್ನು ಒಟ್ಟಿಗೆ ಸುರಿದರೆ ತನ್ನ ನೀರಿನಲ್ಲಿ ತಾನೇ ಬೇಯುತ್ತದೆ. ನಮಗೆ ಬಂದದ್ದು ಎರಡನೆಯ ಬಗೆ, ಹೆಸರಿಗಷ್ಟೇ ಡ್ರೈ. ಪನೀರಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅದು ಪನೀರಿನಂತೆಯೇ ಇತ್ತು.

ಅಷ್ಟು ಹೊತ್ತಿಗೆ ನನಗೆ ನಿಜವಾಗಿಯೂ ಹಸಿವಾಗಿತ್ತು. ಪಂದ್ಯವನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ, ಬೇರೆ ಪಾತ್ರೆಯಲ್ಲಿ ಮಾಡಿದ ಏನಾದರೂ ಇದೆಯೇ ಎಂದು ಸಪ್ಲೈಯರನ್ನು ಕೇಳಿದೆ. ಅವನು ಹಿಂಜರಿಯುತ್ತಾ, "ಭಟ್ರು ತಮಗೆ ಅಂತ ಏನೋ ಮಾಡ್ಕೊಂಡಿದಾರೆ ಸಾರ್, ಕೇಳ್ತೀನಿ" ಎಂದು ಒಳಗೆ ಹೋದ. ಐದು ನಿಮಿಷದಲ್ಲಿ ಅಡುಗೆಯವರೇ ಒಂದು ಸ್ಟೀಲ್ ಬಟ್ಟಲನ್ನು ಹಿಡಿದು ಬಂದರು. ಕಾರ್ಕಳದ ಕಡೆಯವರಂತೆ. ಇಷ್ಟು ವರ್ಷ ಅವರ ಕೈಯಡುಗೆ ತಿಂದಿದ್ದರೂ ಮುಖ ನೋಡಿದ್ದು ಅಂದೇ.

"ಸೋಮವಾರ ನಾನು ಮೀನು, ಮಾಂಸ ಬಾಯಿಗೆ ಹಾಕುವುದಿಲ್ಲ ಮಾರಾಯ್ರೆ. ಇದು ನನ್ನ ಊಟಕ್ಕೆ ಮಾಡಿದ್ದು, ಕಡ್ಲೆ ಗುಜ್ಜೆ ಸುಕ್ಕ. ಪಾತ್ರೆ ನನ್ನದೇ. ಬೇಕಿದ್ದರೆ ರುಚಿ ನೋಡಿ."

ಗುಜ್ಜೆ ಎಂದರೆ ಎಳೆಯ ಹಲಸಿನಕಾಯಿ, ಕರಾವಳಿಯ ಮಾತು. ನಮ್ಮ ಜಿಲ್ಲೆಗೆ ಹಲಸು ಹೊಸದೇನಲ್ಲ: ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಸಂತೆ ಎಲ್ಲರಿಗೂ ಗೊತ್ತು, ಅದೇ ಚೇಳೂರಿನ ಕೆಂಪು ತೊಳೆಯ 'ಸಿದ್ದು' ಹಲಸನ್ನು ಇಲ್ಲೇ ಪಕ್ಕದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿದ ಮೇಲೆ ಅದರ ಕಸಿ ಸಸಿಗಳಿಗೆ ಬೇಡಿಕೆ ಹುಟ್ಟಿತು. ಆದರೆ ನಮಗೆ ಹಲಸೆಂದರೆ ಹಣ್ಣು. ಎಳೆಯ ಕಾಯಿಯ ಪಲ್ಯವನ್ನು ನಮ್ಮ ಮನೆಯಲ್ಲೂ ವರ್ಷಕ್ಕೆ ಒಂದೆರಡು ಸಲ ಮಾಡುತ್ತಾರೆ, ನಾನದನ್ನು ತಟ್ಟೆಯ ಅಂಚಿಗೆ ಸರಿಸುತ್ತಾ ಬಂದಿದ್ದೇನೆ. ಗೊಂಚಲಿನಲ್ಲಿ ಹೆಚ್ಚಾದ ಮಿಡಿಗಳನ್ನು, ಉಳಿದವು ದಪ್ಪವಾಗಲೆಂದು ಕಿತ್ತು ದನಗಳ ಮುಂದೆ ಹಾಕುವುದನ್ನೂ ಕಂಡಿದ್ದೇನೆ.

ಬಟ್ಟಲಿನಲ್ಲಿದ್ದದ್ದು ಬೇರೆಯೇ ವಸ್ತು. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು, ಮೇಣ ಅಂಟದಂತೆ ಕಾಯಿಯ ಮುಳ್ಳು ಸಿಪ್ಪೆಯನ್ನು ಹೆರೆದು, ಉಪ್ಪು ಅರಿಸಿನದಲ್ಲಿ ಬೇಯಿಸಿ, ಆಮೇಲೆ ಎಳೆಗಳು ಬಿಟ್ಟುಕೊಳ್ಳುವಷ್ಟು ಮಾತ್ರ ಮೆಲ್ಲಗೆ ಜಜ್ಜುತ್ತಾರಂತೆ. ಮಸಾಲೆ ಒಳಗಿಳಿಯುವುದು ಆ ಸೀಳುಗಳಲ್ಲಿ. ರಾತ್ರಿಯೇ ನೆನೆಸಿಟ್ಟ ಕಪ್ಪು ಕಡಲೆ, ಹುರಿದ ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕೇ ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ತರಿತರಿಯಾದ ತೆಂಗಿನಕಾಯಿ, ಮೇಲೆ ಕೊಬ್ಬರಿ ಎಣ್ಣೆಯ ಒಗ್ಗರಣೆ. ಬೆರಳಿನಲ್ಲಿ ಹಿಡಿದರೆ ಎಳೆ ಎಳೆಯಾಗಿ ಬಿಡುತ್ತಿತ್ತು, ಕಡಿದರೆ ಹಲ್ಲಿಗೆ ಸ್ವಲ್ಪ ತಡೆ ಒಡ್ಡುತ್ತಿತ್ತು. ಮಂಗಳೂರಿನಲ್ಲಿ ತಿಂದಿದ್ದ ಚಿಕನ್ ಸುಕ್ಕದ ಮಸಾಲೆಯೇ ಇದು ಎಂದು ಹೊಳೆದಾಗ, ಇಷ್ಟು ವರ್ಷ ನಾನು ಮಸಾಲೆಯ ಜಮೆಯನ್ನೆಲ್ಲ ಮಾಂಸದ ಖಾತೆಗೆ ಬರೆದುಕೊಂಡು ಬಂದಿರುವುದು ಅರ್ಥವಾಯಿತು. ಗೆಳೆಯ ಮಾತಾಡುತ್ತಲೇ ಇರಲಿಲ್ಲ. ಆ ಬಾರಿನಲ್ಲಿ ಅವನು ಬಿಸಿಯಾದದ್ದನ್ನು ತಿಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಬಟ್ಟಲು ಅರ್ಧವಾದ ಮೇಲೆ ತಲೆಯೆತ್ತಿ, "ಕಾಯಿ ನಮ್ಮ ಕಡೇದು" ಎಂದು ಮಾತ್ರ ಹೇಳಿದ.

ಹಾಗೆಂದು ಅದು ಮಾಂಸವೆಂದು ನಾನು ಹೇಳಲಾರೆ. ಮೊದಲ ಐದಾರು ತುತ್ತು ನಾಲಿಗೆ ಮೋಸ ಹೋಗಲು ಒಪ್ಪಿತು, ಆಮೇಲೆ ಒಪ್ಪಲಿಲ್ಲ. ಮೂಳೆಯ ಪಕ್ಕದ ಕೊಬ್ಬಿನ ಜಿಡ್ಡು, ನಲ್ಲಿಮೂಳೆಯನ್ನು ತಟ್ಟೆಗೆ ಕುಟ್ಟಿದಾಗ ಜಾರಿ ಬೀಳುವ ಮಜ್ಜೆ ಯಾವ ಕಾಯಿಯಲ್ಲೂ ಸಿಗುವುದಿಲ್ಲ. ಹಲಸಿನಕಾಯಿಯಲ್ಲಿ ನೂರು ಗ್ರಾಮಿಗೆ ಎರಡು ಗ್ರಾಮಿನ ಆಸುಪಾಸಿನಷ್ಟೇ ಪ್ರೋಟೀನು. ಆ ಕೊರತೆಯನ್ನು ಕಡಲೆ ತುಂಬಿಕೊಡುತ್ತಿತ್ತು. ಆದರೂ ಇನ್ನೊಂದು ಬಟ್ಟಲು ಇದೆಯೇ ಎಂದು ಕೇಳಿದವನು ನಾನೇ. ಅಡುಗೆಯವರು ನಕ್ಕು, ತಮ್ಮ ಪಾಲಿನದನ್ನು ಅರ್ಧ ಉಳಿಸಿಕೊಂಡು, ಮಿಕ್ಕದ್ದನ್ನು ಕೊಟ್ಟರು. ದುಡ್ಡು ಬೇಡವೆಂದರು, ನಾವು ಬಿಡಲಿಲ್ಲ.

ತೊಡಕಾದದ್ದು ಕ್ಯಾಷಿಯರಿಗೆ. ಮೆನುವಿನಲ್ಲಿಲ್ಲದ ತಿನಿಸಿಗೆ ಬಿಲ್ಲಿನ ಯಂತ್ರದಲ್ಲಿ ಹೆಸರಿರಲಿಲ್ಲ. ಸುಕ್ಕ ಎಂದು ಹುಡುಕಿದರೆ ಸಿಗುತ್ತಿದ್ದದ್ದು ಒಂದೇ, ಆದ್ದರಿಂದ ಅದನ್ನೇ ಒತ್ತಿ ಕಾಗದವನ್ನು ಹರಿದು ಕೊಟ್ಟರು: ಚಿಕನ್ ಸುಕ್ಕ, ಎರಡು. ಹೊರಗೆ ಬಂದು ಬೀದಿದೀಪದ ಕೆಳಗೆ ಓದಿದ ಗೆಳೆಯ ಅದನ್ನು ನನ್ನ ಜೇಬಿಗೆ ತುರುಕಲು ಬಂದ. ನಾನು ಎರಡು ಹೆಜ್ಜೆ ಹಿಂದೆ ಸರಿದು, ಇವತ್ತು ಸೋಮವಾರ ಎಂದೆ. ಅವನು ಸುತ್ತ ನೋಡಿ, ಬಿಲ್ಲನ್ನು ನಾಲ್ಕು ಚೂರು ಮಾಡಿ ಚರಂಡಿಗೆ ಹಾಕಿ, ಬೈಕನ್ನು ಹತ್ತಿದ.