ಆಕ್ಸೈಡ್ ಹರಳಿನ ಮೇಲೆ ಲೋಹದ ಪದರ: ಬಿಸಿ ಯಾವಾಗ, ಎಷ್ಟು?

ಆಕ್ಸೈಡಿನ ಮೇಲೆ ಲೋಹ ಸಲೀಸಾಗಿ ಹರಡುವುದಿಲ್ಲ. ಲೋಹದ ಮೇಲ್ಮೈ ಶಕ್ತಿ ಹೆಚ್ಚು, ಆಕ್ಸೈಡಿನದು ಕಡಿಮೆ. ಹಾಗಾಗಿ ಕೆಸುವಿನೆಲೆ ಮೇಲಿನ ನೀರಿನಂತೆ ಪರಮಾಣುಗಳು ಗುಂಪುಗೂಡಿ ದ್ವೀಪಗಳಾಗುತ್ತವೆ. ಬಿಸಿ ಏರಿಸಿದರೆ ಲೋಹದ ಪರಮಾಣುಗಳ ಸಾಲು ಅಡಿಯ ಹರಳಿನ ದಿಕ್ಕಿಗೆ ಚೆನ್ನಾಗಿ ಕೂಡುತ್ತದೆ, ಆದರೆ ಪದರ ಒಡೆದು ತೂತು ಬೀಳುತ್ತದೆ. ಅದಕ್ಕೇ ತಣ್ಣಗೆ ಬೆಳೆಸಿ, ಆಮೇಲೆ ಹದವಾಗಿ ಕಾಯಿಸುವುದು ಮೇಲು.

ಮೆಗ್ನೀಷಿಯಂ ಆಕ್ಸೈಡ್ ಹರಳಿನ (001) ಮುಖದ ಮೇಲೆ ಕಬ್ಬಿಣವನ್ನೇ ತೆಗೆದುಕೊಳ್ಳಿ (ಹರಳಿನ ಯಾವ ಮುಖ ಎಂದು ಈ ಅಂಕಿಗಳು ಹೇಳುತ್ತವೆ). ಹರಳಿನ ಜಾಲಕದ (ಪರಮಾಣುಗಳು ಸಾಲಾಗಿ ಕೂರುವ ಚೌಕಟ್ಟಿನ) ಅಳತೆ 0.4212 ನ್ಯಾನೋಮೀಟರ್, ಕಬ್ಬಿಣದ್ದು 0.2866. ಎಲ್ಲಿಂದೆಲ್ಲಿಗೆ ಎನಿಸುತ್ತದೆ, ಆದರೆ ಕಬ್ಬಿಣ 45 ಡಿಗ್ರಿ ತಿರುಗಿ ಕೂರುತ್ತದೆ. ಆಗ ಅದರ ಚೌಕದ ಕರ್ಣ 0.4053, ವ್ಯತ್ಯಾಸ ಶೇ. 3.8 ಮಾತ್ರ.

ಈ ಹರಳು ಗಾಳಿಯ ತೇವ ಹೀರಿ ಮೇಲ್ಮೈಯಲ್ಲಿ ಹೈಡ್ರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅಸಿಟೋನ್, ಐಸೊಪ್ರೊಪನಾಲ್‌ನಲ್ಲಿ ತೊಳೆಯಿರಿ, ನೀರು ಸೋಕಿಸಬೇಡಿ. ನಂತರ ವ್ಯಾಕ್ಯೂಮ್‌ನಲ್ಲಿ 600–700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ. ಇಲ್ಲೊಂದು ಮೋಸವಿದೆ: ಹರಳು ಪಾರದರ್ಶಕವಾದ್ದರಿಂದ ಹೀಟರಿನ ಶಾಖದ ಬಹುಪಾಲು ಹಾದುಹೋಗುತ್ತದೆ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತೋರಿಸುವುದು ಹೋಲ್ಡರಿನ ಬಿಸಿ. ಮೇಲ್ಮೈ ಅದಕ್ಕಿಂತ ಸಾಕಷ್ಟು ತಣ್ಣಗಿರುತ್ತದೆ. ಪೈರೋಮೀಟರ್ (ಹೊಮ್ಮುವ ಬೆಳಕಿನಿಂದ ಬಿಸಿ ಅಳೆಯುವ ಸಾಧನ) ಕೂಡ ಹರಳಿನಾಚೆಯ ಹೀಟರನ್ನೇ ನೋಡುತ್ತದೆ. ಹಿಂಬದಿಗೆ ಮೊದಲೇ ಟೈಟಾನಿಯಂ ಲೇಪಿಸಿದರೆ ಈ ತಲೆನೋವು ಬಹಳಷ್ಟು ತಗ್ಗುತ್ತದೆ.

ಹರಳು 100 ಡಿಗ್ರಿಗಿಂತ ಕೆಳಗಿಳಿದ ಮೇಲೆ ಅದರ ಮೇಲೆ ಕಬ್ಬಿಣದ ಪರಮಾಣುಗಳನ್ನು ಬೀಳಿಸಿ, ಸೆಕೆಂಡಿಗೆ 0.01 ನ್ಯಾನೋಮೀಟರ್. ಈ ವೇಗದಲ್ಲಿ ಒಂದು ಪರಮಾಣು ಪದರಕ್ಕೆ 14 ಸೆಕೆಂಡು ಬೇಕು. ಉಳಿದ ಅನಿಲದ ಒತ್ತಡ 10⁻⁷ ಟಾರ್ (ಒತ್ತಡದ ಮಾನ) ಇದ್ದರೆ ಸುಮಾರು 10 ಸೆಕೆಂಡಿಗೊಮ್ಮೆ ಒಂದು ಪದರದಷ್ಟು ಅನಿಲ ಬಂದು ಬಡಿಯುತ್ತದೆ, ಅಂದರೆ ಕಬ್ಬಿಣಕ್ಕಿಂತ ಕಸವೇ ಹೆಚ್ಚು! 10⁻⁹ಕ್ಕೆ ಇಳಿಸದೆ ಶಟರ್ (ಲೋಹದ ಮೂಲದ ಮುಚ್ಚಳ) ತೆರೆಯಬೇಡಿ. 20 ನ್ಯಾನೋಮೀಟರ್ ಆದ ಮೇಲೆ 300 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ತಣ್ಣಗಾದ ಮೇಲೆ, ಹೊರತೆಗೆಯುವ ಮುನ್ನ, 3 ನ್ಯಾನೋಮೀಟರ್ ಪ್ಲಾಟಿನಂ ಹೊದಿಸಿ. ಇಲ್ಲದಿದ್ದರೆ ತುಕ್ಕು ಖಚಿತ.

ಪ್ಲಾಟಿನಂ ಪದರವೇ ಬೇಕಿದ್ದರೆ ಈ ದಾರಿ ನಡೆಯದು. ತಣ್ಣಗೆ ಬಿಟ್ಟರೆ ಅದು ದಟ್ಟವಾದ (111) ಮುಖದಲ್ಲೇ ಕೂರಲು ನೋಡುತ್ತದೆ. (001) ಬೇಕೆಂದರೆ 500 ಡಿಗ್ರಿ ದಾಟಬೇಕು, ಆಗ ದ್ವೀಪಗಳ ಕಾಟ. ಮೊದಲು ಒಂದು ನ್ಯಾನೋಮೀಟರಿನೊಳಗೆ ಕಬ್ಬಿಣದ ಬೀಜಪದರ ಹಾಕಿದರೆ ಸುಧಾರಿಸುತ್ತದೆ, ಆದರೆ ಕಬ್ಬಿಣ ಪ್ಲಾಟಿನಂನೊಳಗೆ ಬೆರೆಯುತ್ತದೆ. ಕಾಂತೀಯ ಅಳತೆಗಳಿಗೆ ಅದು ಕೆಲಸಕ್ಕೆ ಬಾರದು. ಸ್ಟ್ರಾನ್ಶಿಯಂ ಟೈಟನೇಟ್ ಎಂಬ ಇನ್ನೊಂದು ಆಕ್ಸೈಡ್ ಹರಳಿನೊಂದಿಗೆ ಪ್ಲಾಟಿನಂ ಜಾಲಕದ ವ್ಯತ್ಯಾಸ ಶೇ. 0.5 ಅಷ್ಟೇ, ನಿಜ. ಆದರೆ ವ್ಯಾಕ್ಯೂಮ್‌ನಲ್ಲಿ ಹೆಚ್ಚು ಕಾಯಿಸಿದರೆ ಅದು ಆಕ್ಸಿಜನ್ ಕಳೆದುಕೊಂಡು ತಾನೇ ವಿದ್ಯುದ್ವಾಹಕವಾಗುತ್ತದೆ. ಪದರದ ರೋಧ ಅನುಮಾನಾಸ್ಪದವಾಗಿ ಕಡಿಮೆ ಬಂದರೆ, ಪದರವಿಲ್ಲದ ಇನ್ನೊಂದು ಹರಳನ್ನು ಅದೇ ರೀತಿ ಕಾಯಿಸಿ ಅಳೆದು ನೋಡಿ.